ಇಫ್ ಒಳಗಿಂದ ಮಧ್ಯದಲ್ಲೇ ಇಳಿಯೋದು ಹೇಗೆ?

(ಇದು ನಮ್ಮ ಚಾನೆಲ್‌ನ ಮಾತಿನ ಬರಹ ರೂಪ. ವಿಡಿಯೋದಲ್ಲಿ ಪರದೆ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಡೊಂಬಿವಲಿ, ಕಲ್ಯಾಣ್, ಥಾಣೆ, ಐರೋಲಿ, ವಾಶಿ, ಎಲ್ಲಿಂದ ನೋಡ್ತಿದ್ದೀರೋ ಅಲ್ಲಿಂದಲೇ ಸ್ವಾಗತ. ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿ ಹಿಡ್ಕೊಂಡು, ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಇನ್ನೂ ದೊಡ್ಡ ಸ್ವಾಗತ. ನಿಮಗೋಸ್ಕರ ಇವತ್ತು ಕೋಡ್ ಕಡಿಮೆ, ಮಾತು ಜಾಸ್ತಿ.

ಇವತ್ತಿನ ಪ್ರಶ್ನೆ ಚಿಕ್ಕದು. ಹೊಸದಾಗಿ ಸಪೋರ್ಟ್ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ಇದನ್ನ ನನ್ನ ಹತ್ರ ಪದೇ ಪದೇ ಕೇಳಿದ್ದಾರೆ. "ಸರ್, ಇಫ್ ಬ್ಲಾಕ್ ಒಳಗೆ ಹತ್ತು ಸಾಲು ಇದೆ. ಮೂರನೇ ಸಾಲಿನಲ್ಲೇ ಗೊತ್ತಾಯ್ತು, ಮುಂದಿನ ಏಳು ಸಾಲು ಬೇಡ ಅಂತ. ಅಲ್ಲಿಂದ ಹೊರಗೆ ಬರೋಕೆ ಯಾವ ಕಮ್ಯಾಂಡ್?"

ಒಂದೇ ಸಾಲಿನ ಉತ್ತರ ಬೇಕಾದ್ರೆ ತಗೊಳ್ಳಿ: ಬಹುತೇಕ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಅಂಥ ಕಮ್ಯಾಂಡೇ ಇಲ್ಲ. ಲೂಪಿನಿಂದ ಹೊರಬರೋಕೆ ಬ್ರೇಕ್ ಇದೆ. ಫಂಕ್ಷನ್ನಿನಿಂದ ಹೊರಬರೋಕೆ ರಿಟರ್ನ್ ಇದೆ. ಇಡೀ ಸ್ಕ್ರಿಪ್ಟ್ ಮುಗಿಸೋಕೆ ಎಕ್ಸಿಟ್ ಇದೆ. ಬರೀ ಇಫ್‌ನಿಂದ ಹೊರಬರೋಕೆ ಏನೂ ಇಲ್ಲ. ಹಾಗಾಗಿ ನಾವು ಈ ಮೂರರಲ್ಲಿ ಕೈಗೆ ಸಿಕ್ಕಿದ್ದನ್ನ ಬಳಸ್ತೀವಿ. ತೊಂದರೆ ಶುರುವಾಗೋದು ಅಲ್ಲೇ. ನನಗೆ ಹೇಗೆ ಶುರುವಾಯ್ತು ಅಂತ ಮೊದಲು ಹೇಳ್ತೀನಿ.

ಒಂದಕ್ಷರವೂ ಬದಲಾಗದ ಸ್ಕ್ರಿಪ್ಟ್

ಆಗ ನಾನು ಡೊಂಬಿವಲಿಯಲ್ಲಿದ್ದೆ. ಆಫೀಸು ಮಹಾಪೆಯಲ್ಲಿ. ಯಾವ ಕಂಪನಿ ಅನ್ನೋದು ಬೇಡ. ಬೆಳಿಗ್ಗೆ ಥಾಣೆಗೆ ಹೋಗಿ, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು, ಘನ್ಸೋಲಿಯಲ್ಲಿ ಇಳಿದು ರಿಕ್ಷಾ. ನಿಮ್ಮಲ್ಲಿ ಅರ್ಧ ಜನಕ್ಕೆ ಈ ದಾರಿ ಕಣ್ಣು ಮುಚ್ಚಿದ್ರೂ ಗೊತ್ತು.

ನಮ್ಮ ಟೀಮಿನ ಕೆಲಸ ಹಳೇ ಎಐಎಕ್ಸ್ ಸರ್ವರ್‌ಗಳನ್ನ ಲಿನಕ್ಸ್‌ಗೆ ಸಾಗಿಸೋದು. ಅದರಲ್ಲಿ ಒಂದು ರಾತ್ರಿ ಪಾಳಿಯ ಸ್ಕ್ರಿಪ್ಟ್ ಇತ್ತು. ಅದರ ಕೆಲಸ ಸರಳ. ಒಂದು ಪಟ್ಟಿಯ ಫೈಲ್ ಓದಬೇಕು. ಪಟ್ಟಿಯಲ್ಲಿರೋ ಒಂದೊಂದು ಆರ್ಕೈವ್ ಡಿಸ್ಕ್ ಮೌಂಟ್ ಆಗಿದೆಯಾ ಅಂತ ನೋಡಬೇಕು. ಇಫ್ ಮೌಂಟ್ ಆಗಿಲ್ಲ ಅಂದ್ರೆ ಒಂದು ಸಂದೇಶ ಬರೆದು ಎಕ್ಸಿಟ್. ಎಲ್ಲ ಸರಿ ಇದ್ರೆ ಮುಂದೆ ಹೋಗಿ ವರದಿಗಳನ್ನ ಆರ್ಕೈವ್‌ಗೆ ನಕಲು ಮಾಡಿ, ಆಮೇಲೆ 30 ದಿನಕ್ಕಿಂತ ಹಳೆಯದನ್ನ ಇಲ್ಲಿಂದ ಅಳಿಸಬೇಕು.

ನಮ್ಮ ಟೀಮಿನಲ್ಲಿ ವಿಜಯಪುರ ಕಡೆಯ ಒಬ್ಬ ಹುಡುಗ ಇದ್ದ. ಸೇರಿ ಎಂಟು ತಿಂಗಳಾಗಿತ್ತು. ಈ ಸ್ಕ್ರಿಪ್ಟನ್ನ ಹೊಸ ಯಂತ್ರಕ್ಕೆ ಸಾಗಿಸಿದ್ದು ಅವನು. ಒಂದಕ್ಷರ ಬದಲಾಯಿಸಲಿಲ್ಲ. ಮೊದಲನೇ ಸಾಲಿನಲ್ಲಿ ಕಾರ್ನ್ ಶೆಲ್ ಇದ್ದ ಕಡೆ ಬ್ಯಾಷ್ ಅಂತ ಹಾಕಿದ, ಅಷ್ಟೇ. ಅದೂ ಎಲ್ಲಾ ಸ್ಕ್ರಿಪ್ಟ್‌ಗಳಿಗೂ ಹಾಗೇ ಮಾಡಬೇಕು ಅಂತ ನಾವೇ ಹೇಳಿದ್ದು. ಓಡಿಸಿ ನೋಡಿದ, ಸರಿಯಾಗಿ ಓಡಿತು. ಟೆಸ್ಟ್ ಶೀಟ್ ತುಂಬಿಸಿದ. ಅದನ್ನ ನೋಡಿ ಒಪ್ಪಿಗೆ ಹಾಕಿದವನು ನಾನು.

ಕೆಲವು ವಾರ ಎಲ್ಲಾ ಚೆನ್ನಾಗಿತ್ತು. ಒಂದು ರಾತ್ರಿ ಆರ್ಕೈವ್ ಡಿಸ್ಕ್ ಮೌಂಟ್ ಆಗಿರಲಿಲ್ಲ. ಸ್ಕ್ರಿಪ್ಟ್ ಅದನ್ನ ಸರಿಯಾಗೇ ಕಂಡುಹಿಡೀತು. "ಮೌಂಟ್ ಆಗಿಲ್ಲ" ಅಂತ ಲಾಗ್‌ನಲ್ಲಿ ಬರೀತು. ಎಕ್ಸಿಟ್ ಸಾಲನ್ನೂ ಓಡಿಸಿತು. ಆಮೇಲೆ ನಿಲ್ಲಲಿಲ್ಲ! ಮುಂದೆ ಹೋಯ್ತು, ನಕಲು ಮಾಡೋ ಸಾಲು ಸೋತಿತು, ಅದಕ್ಕೂ ನಿಲ್ಲಲಿಲ್ಲ, ಹಳೇ ವರದಿಗಳನ್ನ ಅಳಿಸಿ ಹಾಕಿತು. ಶೆಡ್ಯೂಲರ್ ಪರದೆಯಲ್ಲಿ ಹಸಿರು ಬಣ್ಣ, "ಯಶಸ್ವಿ" ಅಂತ. ಹಾಗೇ ಇನ್ನೂ ಕೆಲವು ರಾತ್ರಿ ನಡೀತು. ಯಾರೋ ಒಂದು ವರದಿ ಕೇಳಿದಾಗ ಗೊತ್ತಾಯ್ತು, ಅದು ಇಲ್ಲೂ ಇಲ್ಲ, ಅಲ್ಲೂ ಇಲ್ಲ.

ಟೇಪ್ ಬ್ಯಾಕಪ್ ಇತ್ತು, ಬಹುತೇಕ ವಾಪಸ್ ಬಂತು. ಆದ್ರೆ ಮರುದಿನದ ಮೀಟಿಂಗ್ ಮರೆಯೋಕಾಗಲ್ಲ. "ಏನು ಬದಲಾಯಿಸಿದೆ?" ಅಂತ ಕೇಳಿದ್ರು. ಹುಡುಗ "ಏನೂ ಬದಲಾಯಿಸಿಲ್ಲ ಸರ್" ಅಂದ. ಅವನು ನಿಜಾನೇ ಹೇಳಿದ್ದು. ಯಾರೂ ನಂಬಲಿಲ್ಲ. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆ ವಿಷಯಕ್ಕೆ ಕೊನೇಲಿ ಬರ್ತೀನಿ.

ಇಫ್ ಅನ್ನೋದು ಸೀಟು, ಗಾಡಿಯಲ್ಲ

ಮೊದಲು ಅರ್ಥ ಮಾಡ್ಕೊಳ್ಳೋಣ. ನೀವು ಡೊಂಬಿವಲಿ ಫಾಸ್ಟ್ ಹತ್ತಿದ್ದೀರಿ. ಯಾರೋ "ಇಳೀರಿ" ಅಂದ್ರು. ನೀವೇನು ಮಾಡ್ತೀರಿ? ಸೀಟು ಬಿಟ್ಟು ಏಳ್ತೀರಾ? ಅಲ್ಲ, ಗಾಡಿ ಇಳೀತೀರಿ. ಇಳಿಯೋದು ಅಂದ್ರೇ ಗಾಡಿಯಿಂದ. ಸೀಟಿನಿಂದ ಇಳಿಯೋದು ಅನ್ನೋ ಮಾತೇ ಇಲ್ಲ.

ಬ್ರೇಕ್ ಕೂಡ ಹಾಗೇ. ಅದು ಗಾಡಿ ಇಳಿಯೋದು. ಗಾಡಿ ಅಂದ್ರೆ ಲೂಪು. ಇಫ್ ಒಳಗೆ ನಿಂತು ಬ್ರೇಕ್ ಅಂದ್ರೆ ಅದು ಇಫ್ ಕಡೆ ನೋಡೋದೇ ಇಲ್ಲ. ಸುತ್ತ ಯಾವ ಗಾಡಿ ಇದೆ ಅಂತ ಹುಡುಕುತ್ತೆ, ಅದರಿಂದ ಇಳಿಸುತ್ತೆ. ಕಂಟಿನ್ಯೂ ಅಂದ್ರೆ ಈ ಸುತ್ತು ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ರಿಟರ್ನ್ ಅಂದ್ರೆ ಸ್ಟೇಷನ್ನಿನಿಂದಲೇ ಹೊರಗೆ, ಅಂದ್ರೆ ಫಂಕ್ಷನ್ನಿನಿಂದ. ಎಕ್ಸಿಟ್ ಅಂದ್ರೆ ಕಲ್ಯಾಣ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ನೇರ ಊರಿಗೆ. ಮುಂಬಯಿಯೇ ಮುಗೀತು.

ಹಾಗಾದ್ರೆ ಯಾವ ಗಾಡಿಯೂ ಇಲ್ಲದ ಕಡೆ, ಬರೀ ಇಫ್ ಒಳಗೆ ಬ್ರೇಕ್ ಹಾಕಿದ್ರೆ? ಇಲ್ಲಿ ಒಂದೊಂದು ಭಾಷೆಯ ಸ್ವಭಾವ ಒಂದೊಂದು ಥರ.

ಪೈಥಾನ್ ಓಡೋಕೂ ಬಿಡಲ್ಲ. ಲೂಪಿನ ಹೊರಗೆ ಬ್ರೇಕ್ ಅಂತ ಸಿಂಟ್ಯಾಕ್ಸ್ ಎರರ್ ಕೊಟ್ಟು ಕೂರಿಸುತ್ತೆ. ಪಿಎಚ್‌ಪಿ ಕೂಡ ಈಗ ಹಾಗೇ ತಡೆಯುತ್ತೆ. ಇವು ಒಳ್ಳೇ ಟಿಸಿ ಇದ್ದ ಹಾಗೆ, ಬಾಗಿಲಲ್ಲೇ ಹಿಡೀತಾರೆ.

ಬ್ಯಾಷ್ ಬೈಯುತ್ತೆ, ಆದ್ರೆ ನಿಲ್ಲಲ್ಲ. "ಬ್ರೇಕ್‌ಗೆ ಅರ್ಥ ಇರೋದು ಲೂಪಿನಲ್ಲಿ ಮಾತ್ರ" ಅಂತ ಒಂದು ಸಂದೇಶ ಬರೆದು, ಮುಂದಿನ ಸಾಲಿಗೆ ಹೋಗಿಬಿಡುತ್ತೆ. ನೀವು ಬೇಡ ಅಂದ್ಕೊಂಡ ಆ ಏಳು ಸಾಲೂ ಓಡುತ್ತೆ.

ಪವರ್‌ಶೆಲ್ ಇನ್ನೂ ಅಪಾಯ. ಸುತ್ತ ಲೂಪ್ ಇಲ್ಲದಿದ್ರೆ, ನಿಮ್ಮ ಫಂಕ್ಷನ್ನನ್ನ ಕರೆದವರು ಯಾರು, ಅವರನ್ನ ಕರೆದವರು ಯಾರು ಅಂತ ಮೇಲೆ ಮೇಲೆ ಹುಡುಕಿಕೊಂಡು ಹೋಗುತ್ತೆ. ಬೇರೆ ಯಾರದೋ ಲೂಪ್ ಸಿಕ್ಕಿದ್ರೆ ಅದನ್ನ ಮುರಿಯುತ್ತೆ. ಸಿಗದಿದ್ರೆ ಸದ್ದಿಲ್ಲದೆ ಓಟವೇ ನಿಂತುಹೋಗುತ್ತೆ. ನೀವು ಒಂದು ಸೀಟಿನಿಂದ ಏಳೋಕೆ ಹೋದ್ರಿ, ಅವರು ಚೈನ್ ಎಳೆದು ಇಡೀ ಗಾಡಿ ನಿಲ್ಲಿಸಿದ್ರು.

ಕೆಲವು ಭಾಷೆಗಳಲ್ಲಿ ಮಾತ್ರ ಸೀಟಿಗೂ ಒಂದು ದಾರಿ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಫ್ ಮುಂದೆ ಒಂದು ಲೇಬಲ್, ಅಂದ್ರೆ ಹೆಸರಿನ ಚೀಟಿ ಅಂಟಿಸಿ, ಒಳಗಿಂದ ಬ್ರೇಕ್ ಜೊತೆ ಆ ಹೆಸರು ಹೇಳಿದ್ರೆ, ಅದು ನಿಜವಾಗ್ಲೂ ಇಫ್‌ನಿಂದ ಮಾತ್ರ ಹೊರಬರುತ್ತೆ. ಪರ್ಲ್‌ನಲ್ಲಿ ಖಾಲಿ ಬ್ಲಾಕ್ ಅನ್ನೋದು ಒಂದೇ ಸಲ ಓಡೋ ಲೂಪಿಗೆ ಸಮ. ಅದಕ್ಕೆ ಹಳೇ ಪರ್ಲ್ ಜನ ಇಫ್ ಒಳಗೆ ಎರಡೆರಡು ಹೂ-ಆವರಣ ಹಾಕಿ, ಲಾಸ್ಟ್ ಅಂತ ಹೇಳಿ ಹೊರಬರ್ತಾರೆ. ಕೆಲಸ ಮಾಡುತ್ತೆ. ಆದ್ರೆ ಆರು ತಿಂಗಳ ನಂತರ ಓದೋ ಇನ್ನೊಬ್ಬನಿಗೆ ಅದು ಟೈಪಿಂಗ್ ತಪ್ಪಿನ ಹಾಗೆ ಕಾಣುತ್ತೆ, ಒಂದು ಜೊತೆ ಆವರಣ ತೆಗೆದುಬಿಡ್ತಾನೆ.

ಪೈಥಾನ್‌ಗೂ ಲೇಬಲ್ ಹಚ್ಚಿದ ಬ್ರೇಕ್ ಬೇಕು ಅಂತ ಒಂದು ಪ್ರಸ್ತಾವ ಬಂದಿತ್ತು, ಪೆಪ್ 3136. 2007ರಲ್ಲಿ ಗೈಡೋ ವಾನ್ ರೋಸಮ್ ಬೇಡ ಅಂದ್ರು. ಅಷ್ಟು ಜಟಿಲವಾದ ಕೋಡ್ ಬರೋದೇ ಅಪರೂಪ, ಬಂದಾಗ ಬಹುತೇಕ ಸಲ ಅದನ್ನ ಫಂಕ್ಷನ್ ಮಾಡಿ ರಿಟರ್ನ್ ಬಳಸಬಹುದು ಅನ್ನೋದು ಅವರ ವಾದ. ಈ ಮಾತು ನೆನಪಿಡಿ, ಮತ್ತೆ ಬೇಕಾಗುತ್ತೆ.

ಒಂದು ಬ್ರೇಕ್, ಒಂಬತ್ತು ಗಂಟೆ

"ಇದೆಲ್ಲ ಚಿಕ್ಕ ಸ್ಕ್ರಿಪ್ಟ್‌ಗಳ ಮಾತು ಸರ್" ಅನ್ನಬಹುದು. ಹಾಗಾದ್ರೆ ಇದನ್ನ ಕೇಳಿ. 1990ರ ಜನವರಿ 15, ಸೋಮವಾರ. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಮಧ್ಯಾಹ್ನ ಕುಸಿಯಿತು. 114 ಸ್ವಿಚ್ಚಿಂಗ್ ಕೇಂದ್ರಗಳು ಒಂದಕ್ಕೊಂದು ತಳ್ಳಿಕೊಂಡು ಬಿದ್ದವು, ಎದ್ದವು, ಮತ್ತೆ ಬಿದ್ದವು. ಸುಮಾರು ಒಂಬತ್ತು ಗಂಟೆ. ಸುಮಾರು 7 ಕೋಟಿ ಕರೆಗಳು ತಲುಪಲಿಲ್ಲ. ಮೊದಲು ಜನ ಹ್ಯಾಕರ್‌ಗಳು ಅಂತ ಅನುಮಾನಪಟ್ಟರು.

ಕಾರಣ ಸಿಕ್ಕಿದ್ದು ಹಿಂದಿನ ಡಿಸೆಂಬರ್‌ನಲ್ಲಿ ಹಾಕಿದ ಹೊಸ ಸಾಫ್ಟ್‌ವೇರಿನಲ್ಲಿ. ಸಿ ಭಾಷೆಯ ಕೋಡ್. ಹೊರಗೆ ಒಂದು ಸ್ವಿಚ್, ಅದರ ಒಂದು ಕೇಸ್ ಒಳಗೆ ಇಫ್, ಆ ಇಫ್‌ನ ಎಲ್ಸ್ ಭಾಗದಲ್ಲಿ ಒಂದು ಬ್ರೇಕ್. ಬರೆದವರ ಉದ್ದೇಶ ಇಫ್‌ನಿಂದ ಹೊರಬಂದು, ಅದೇ ಕೇಸ್‌ನ ಉಳಿದ ಕೆಲಸ ಮಾಡೋದು. ಬ್ರೇಕ್ ಇಫ್ ಕಡೆ ನೋಡಲ್ಲ ಅಂದೆನಲ್ಲ, ಅದು ಸ್ವಿಚ್‌ನಿಂದಲೇ ಹೊರಗೆ ಹಾರಿತು. ಮಧ್ಯದಲ್ಲಿ ಪಾಯಿಂಟರ್‌ಗಳನ್ನ ಸಿದ್ಧಪಡಿಸೋ ಸಾಲುಗಳು ತಪ್ಪಿಹೋದವು. ಮುಂದಿನ ಸಾಲುಗಳು ಸಿದ್ಧವಾಗದ ಪಾಯಿಂಟರ್ ಬಳಸಿ ಮಾಹಿತಿಯ ಮೇಲೆ ಮಾಹಿತಿ ಬರೆದವು. ಯಂತ್ರ ತಾನು ಕೆಟ್ಟಿದೆ ಅಂತ ತಿಳಿದು ಮತ್ತೆ ಶುರುವಾಯ್ತು. ವಾಪಸ್ ಬಂದೆ ಅಂತ ಅಕ್ಕಪಕ್ಕದವಕ್ಕೆ ಕಳಿಸೋ ಸಂದೇಶಗಳಿಂದಲೇ ಅವೂ ಅದೇ ಹಳ್ಳಕ್ಕೆ ಬಿದ್ದವು.

ಎರಡು ಸಂದೇಶಗಳು ಬಹಳ ಹತ್ತಿರದಲ್ಲಿ ಬಂದಾಗ ಮಾತ್ರ ಆ ಎಲ್ಸ್ ಓಡುತ್ತಿತ್ತು. ಅಂದ್ರೆ ಮಾಮೂಲಿ ದಿನಗಳಲ್ಲಿ ಆ ದಾರಿಗೆ ಯಾರೂ ಕಾಲಿಡ್ತಿರಲಿಲ್ಲ. ನಮ್ಮ ಮಹಾಪೆಯ ಸ್ಕ್ರಿಪ್ಟ್‌ನಲ್ಲೂ ಅದೇ ಆಗಿದ್ದು. ಮಧ್ಯದಲ್ಲಿ ಇಳಿಯೋ ದಾರಿ ಇದೆಯಲ್ಲ, ಅದನ್ನ ಯಾರೂ ಟೆಸ್ಟ್ ಮಾಡಿರಲ್ಲ.

ಎಕ್ಸಿಟ್ ಯಾಕೆ ಎಕ್ಸಿಟ್ ಆಗಲಿಲ್ಲ

ಈಗ ನಮ್ಮ ಸ್ಕ್ರಿಪ್ಟ್‌ಗೆ ವಾಪಸ್ ಬರೋಣ. ಅಲ್ಲಿ ಬ್ರೇಕ್ ಇರಲಿಲ್ಲ, ಎಕ್ಸಿಟ್ ಇತ್ತು. ಊರಿಗೇ ಹೋಗಬೇಕಿತ್ತಲ್ಲ?

ಸ್ಕ್ರಿಪ್ಟ್ ಬರೆದವರು ಪಟ್ಟಿಯ ಫೈಲನ್ನ ಕ್ಯಾಟ್ ಮಾಡಿ, ಪೈಪ್ ಹಾಕಿ, ಆ ಕಡೆ ವೈಲ್ ರೀಡ್ ಲೂಪ್ ಇಟ್ಟಿದ್ರು. ನಾವೆಲ್ಲ ದಿನಾ ಬರೆಯೋದೇ. ಬ್ಯಾಷ್‌ನಲ್ಲಿ ಪೈಪಿನ ಒಂದೊಂದು ತುಂಡೂ ಬೇರೆ ಬೇರೆ ಸಬ್‌ಶೆಲ್‌ನಲ್ಲಿ ಓಡುತ್ತೆ. ಅಂದ್ರೆ ಲೂಪ್ ಇರೋದು ಒಂದು ಮರಿ ಶೆಲ್‌ನಲ್ಲಿ. ಅಲ್ಲಿ ಎಕ್ಸಿಟ್ ಅಂದ್ರೆ ಮರಿ ಶೆಲ್ ಸಾಯುತ್ತೆ, ತಾಯಿ ಶೆಲ್ ಮುಂದಿನ ಸಾಲಿಗೆ ಹೋಗುತ್ತೆ.

ಕಾರ್ನ್ ಶೆಲ್‌ನಲ್ಲಿ ಹಾಗಲ್ಲ. ಅಲ್ಲಿ ಪೈಪಿನ ಕೊನೇ ತುಂಡು ಈಗಿರೋ ಶೆಲ್‌ನಲ್ಲೇ ಓಡುತ್ತೆ, ಎಕ್ಸಿಟ್ ಅಂದ್ರೆ ಇಡೀ ಸ್ಕ್ರಿಪ್ಟ್ ಮುಗಿಯುತ್ತೆ. ಝೀ ಶೆಲ್ ಕೂಡ ಹಾಗೇ. ಎಐಎಕ್ಸ್‌ನ ಮಾಮೂಲಿ ಶೆಲ್ ಕಾರ್ನ್. ಅದಕ್ಕೇ ಅಲ್ಲಿ ವರ್ಷಗಟ್ಟಲೆ ಸರಿಯಾಗಿ ನಿಂತ ಸ್ಕ್ರಿಪ್ಟ್ ಇಲ್ಲಿ ನಿಲ್ಲಲಿಲ್ಲ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅವನು ಸ್ಕ್ರಿಪ್ಟನ್ನ ಬದಲಾಯಿಸಿರಲಿಲ್ಲ. ಬದಲಾಗಿದ್ದು ಎಕ್ಸಿಟ್ ಅನ್ನೋ ಪದದ ಅರ್ಥ.

ಪರಿಹಾರ ಒಂದೇ ಸಾಲಿನದು. ಪೈಪ್ ತೆಗೆದು, ಲೂಪಿನ ಕೊನೆಯಲ್ಲಿ ಡನ್ ಆದ ಮೇಲೆ ಫೈಲನ್ನ ಒಳಮುಖದ ಬಾಣದಿಂದ ಕೊಡಿ. ಆಗ ಲೂಪ್ ತಾಯಿ ಶೆಲ್‌ನಲ್ಲೇ ಓಡುತ್ತೆ, ಎಕ್ಸಿಟ್ ನಿಜವಾದ ಎಕ್ಸಿಟ್ ಆಗುತ್ತೆ. ಬ್ಯಾಷ್ 4.2ರಿಂದ ಲಾಸ್ಟ್‌ಪೈಪ್ ಅನ್ನೋ ಆಯ್ಕೆಯೂ ಇದೆ, ಆದ್ರೆ ಬಾಣದ ದಾರಿ ಎಲ್ಲಾ ಕಡೆ ನಡೆಯುತ್ತೆ.

ಇದೇ ಬಲೆ ಇನ್ನೊಂದು ವೇಷದಲ್ಲೂ ಬರುತ್ತೆ. ಡೈರೆಕ್ಟರಿ ಇದೆಯಾ ನೋಡು, ಇಲ್ಲದಿದ್ರೆ ದುಂಡು ಆವರಣದಲ್ಲಿ "ಸಂದೇಶ ಬರೆ, ಎಕ್ಸಿಟ್" ಅಂತ ಬರೆದಿರ್ತೀವಿ. ದುಂಡು ಆವರಣ ಅಂದ್ರೆ ಸಬ್‌ಶೆಲ್. ಮತ್ತೆ ಮರಿ ಸಾಯುತ್ತೆ, ತಾಯಿ ಓಡುತ್ತೆ. ಅಲ್ಲಿ ಹೂ-ಆವರಣ ಹಾಕಬೇಕು. ನಿಮ್ಮ ಹಳೇ ಸ್ಕ್ರಿಪ್ಟ್‌ಗಳಲ್ಲಿ ಇವತ್ತೇ ಹುಡುಕಿ ನೋಡಿ, ಒಂದಾದರೂ ಸಿಗುತ್ತೆ.

ಮೂರನೇ ವೇಷ ಇದಕ್ಕೆ ಉಲ್ಟಾ. ಸ್ಕ್ರಿಪ್ಟನ್ನ ಓಡಿಸೋ ಬದಲು ಸೋರ್ಸ್ ಮಾಡಿದ್ರೆ, ಅದರೊಳಗಿನ ಎಕ್ಸಿಟ್ ನಿಮ್ಮ ಲಾಗಿನ್ ಶೆಲ್ಲನ್ನೇ ಮುಚ್ಚುತ್ತೆ. ಟರ್ಮಿನಲ್ ಕಿಟಕಿ ಮಾಯ. ಅಲ್ಲಿ ರಿಟರ್ನ್ ಬಳಸಬೇಕು. ವಿಂಡೋಸ್ ಬ್ಯಾಚ್ ಫೈಲ್‌ನಲ್ಲೂ ಬರೀ ಎಕ್ಸಿಟ್ ಅಂದ್ರೆ ಕಿಟಕಿಯೇ ಮುಚ್ಚುತ್ತೆ. ಅದಕ್ಕೇ ಅಲ್ಲಿ ಎಕ್ಸಿಟ್ ಸ್ಲ್ಯಾಶ್ ಬಿ ಅಥವಾ ಗೋಟು ಇಒಎಫ್ ಬರೀತಾರೆ.

ಇಒಎಫ್ ಅಂದ್ರೆ ಫೈಲಿನ ಕೊನೆ. ಇದರ ಹಿಂದೆ ಒಂದು ಚೆಂದದ ಹಳೇ ಕತೆ ಇದೆ. ಯೂನಿಕ್ಸ್‌ನ ಮೊದಲ ಶೆಲ್ ಕೆನ್ ಥಾಂಪ್ಸನ್ ಬರೆದದ್ದು, 1971ರದ್ದು. ಆ ಕಾಲದ ಯೂನಿಕ್ಸ್‌ನಲ್ಲಿ ಇಫ್, ಗೋಟು, ಎಕ್ಸಿಟ್ ಇವೆಲ್ಲ ಶೆಲ್ಲಿನ ಒಳಗೆ ಇರಲಿಲ್ಲ, ಬೇರೆ ಬೇರೆ ಪ್ರೋಗ್ರಾಂಗಳು. ಎಕ್ಸಿಟ್ ಮಾಡ್ತಿದ್ದ ಕೆಲಸ ಇಷ್ಟೇ: ಸ್ಕ್ರಿಪ್ಟ್ ಫೈಲಿನಲ್ಲಿ ಓದುವ ಜಾಗವನ್ನ ಕೊನೆಗೆ ಸರಿಸೋದು. ಶೆಲ್ ಮುಂದಿನ ಸಾಲು ಓದೋಕೆ ಹೋದ್ರೆ ಫೈಲ್ ಮುಗಿದಿದೆ, ಹಾಗಾಗಿ ತಾನೂ ಮುಗಿಸುತ್ತೆ. ಅಂದ್ರೆ ಎಕ್ಸಿಟ್ ಅನ್ನೋದು ಹುಟ್ಟಿನಿಂದಲೇ ಮಂತ್ರ ಏನಲ್ಲ. ಅದು ಯಾವ ಫೈಲು, ಯಾವ ಶೆಲ್ಲು ಅನ್ನೋದರ ಮೇಲೆ ನಿಂತಿರೋ ಮಾತು.

ಇಳಿಯೋ ಮುಂಚೆ ಮೂರು ಪ್ರಶ್ನೆ

ಆ ಘಟನೆಯ ನಂತರ ನಾನು ಕೋಡ್ ನೋಡುವಾಗ ಮಧ್ಯದಲ್ಲಿ ಇಳಿಯೋ ಯಾವ ಸಾಲು ಕಂಡ್ರೂ ಮೂರು ಪ್ರಶ್ನೆ ಕೇಳ್ತೀನಿ. ಲೋಕಲ್ ಇಳಿಯುವಾಗ ಕೇಳ್ಕೊಳ್ಳೋವೇ.

ಒಂದು, ಯಾವುದರಿಂದ ಇಳೀತಿದ್ದೀನಿ? ಲೂಪಾ, ಫಂಕ್ಷನ್ನಾ, ಮರಿ ಶೆಲ್ಲಾ, ಇಡೀ ಸ್ಕ್ರಿಪ್ಟಾ? ಜಾವಾಸ್ಕ್ರಿಪ್ಟ್‌ನ ಫಾರ್‌ಈಚ್ ಒಳಗೆ ರಿಟರ್ನ್ ಅಂದ್ರೆ ಆ ಒಂದು ಐಟಂ ಮುಗೀತು ಅಷ್ಟೇ, ಮುಂದಿನದು ಬರುತ್ತೆ. ಪವರ್‌ಶೆಲ್‌ನ ಫಾರ್‌ಈಚ್ ಆಬ್ಜೆಕ್ಟ್‌ನಲ್ಲೂ ಹಾಗೇ. ಪೈಥಾನ್‌ನಲ್ಲಿ ಸಿಸ್ ಡಾಟ್ ಎಕ್ಸಿಟ್ ಅನ್ನೋದು ಒಳಗೆ ಒಂದು ಎಕ್ಸೆಪ್ಷನ್. ಯಾರಾದ್ರೂ ಸುತ್ತ ಹೆಸರಿಲ್ಲದ ಎಕ್ಸೆಪ್ಟ್ ಹಾಕಿಟ್ಟಿದ್ರೆ ಅದು ನಿಮ್ಮ ಎಕ್ಸಿಟನ್ನೇ ನುಂಗಿಹಾಕುತ್ತೆ.

ಎರಡು, ಏನು ಹೇಳಿ ಇಳೀತಿದ್ದೀನಿ? ಬ್ಯಾಷ್‌ನಲ್ಲಿ ಬರೀ ಎಕ್ಸಿಟ್ ಅಂದ್ರೆ ಅದರ ಹಿಂದಿನ ಕಮ್ಯಾಂಡಿನ ಫಲಿತಾಂಶವನ್ನೇ ಹೊತ್ತು ಹೋಗುತ್ತೆ. ಹಿಂದಿನದು ಎಕೋ ಆಗಿದ್ರೆ? "ತಪ್ಪಾಗಿದೆ" ಅಂತ ಬರೆಯೋದರಲ್ಲಿ ಎಕೋ ಯಶಸ್ವಿಯಾಯ್ತಲ್ಲ, ಹಾಗಾಗಿ ಸೊನ್ನೆ. ಸೊನ್ನೆ ಅಂದ್ರೆ ಎಲ್ಲಾ ಸರಿ. ಕ್ರಾನ್‌ಗೆ, ಶೆಡ್ಯೂಲರ್‌ಗೆ ಎಲ್ಲಾ ಹಸಿರು. ಎಕ್ಸಿಟ್ ಪಕ್ಕ ಒಂದು ಅಂತ ಅಂಕಿ ಬರೆಯೋದು ಮರೀಬೇಡಿ.

ಇದು ದೊಡ್ಡವರಿಗೂ ಆಗಿದೆ. 2014ರ ಫೆಬ್ರವರಿಯಲ್ಲಿ ಆಪಲ್ ಐಒಎಸ್ 7.0.6 ಬಿಟ್ಟಿತು, ಒಂದು ತಪ್ಪು ತಿದ್ದೋಕೆ. ಸುರಕ್ಷಿತ ಸಂಪರ್ಕದ ಕೋಡ್‌ನಲ್ಲಿ ಆವರಣ ಇಲ್ಲದ ಇಫ್ ಕೆಳಗೆ ಗೋಟು ಫೇಲ್ ಅನ್ನೋ ಸಾಲು ಎರಡು ಸಲ ಬಂದಿತ್ತು. ಮೊದಲನೆಯದು ಇಫ್‌ಗೆ ಸೇರಿದ್ದು. ಎರಡನೆಯದು ಯಾರಿಗೂ ಸೇರಿಲ್ಲ, ಯಾವಾಗಲೂ ಓಡುತ್ತೆ. ಹಾಗಾಗಿ ಸಹಿಯನ್ನ ಪರೀಕ್ಷಿಸೋ ಮುಂಚೆಯೇ ಹೊರಗೆ ಹಾರಿತು. ಹೊರಗೆ ಹಾರಿದಾಗ ಕೈಯಲ್ಲಿದ್ದ ಫಲಿತಾಂಶ? ಸೊನ್ನೆ. ಅಂದ್ರೆ "ಪರೀಕ್ಷೆ ಪಾಸ್". ಹೆಸರು ಫೇಲ್, ಉತ್ತರ ಪಾಸ್.

ಮೂರು, ಲಗೇಜ್ ಎಲ್ಲಿ? ಕಲ್ಯಾಣ್ ಅಂದ್ಕೊಂಡು ರ‍್ಯಾಕ್ ಮೇಲೆ ಬ್ಯಾಗ್ ಇಟ್ಟು, ಡೊಂಬಿವಲಿಯಲ್ಲೇ ಅವಸರದಲ್ಲಿ ಇಳಿದ್ರೆ ಏನಾಗುತ್ತೆ ಅಂತ ಗೊತ್ತು. ಸ್ಕ್ರಿಪ್ಟ್ ಲಾಕ್ ಫೈಲ್ ಮಾಡಿರುತ್ತೆ, ಟೆಂಪ್ ಫೈಲ್ ಮಾಡಿರುತ್ತೆ. ಅಳಿಸೋ ಸಾಲು ಕೊನೇಲಿ ಇರುತ್ತೆ. ಮಧ್ಯದಲ್ಲಿ ಇಳಿದ್ರೆ ಲಾಕ್ ಹಾಗೇ ಉಳಿಯುತ್ತೆ, ನಾಳೆ ರಾತ್ರಿ ಸ್ಕ್ರಿಪ್ಟ್ "ಇನ್ನೊಬ್ಬರು ಓಡಿಸ್ತಿದ್ದಾರೆ" ಅಂತ ಸುಮ್ಮನಾಗುತ್ತೆ. ಬ್ಯಾಷ್‌ನಲ್ಲಿ ಶುರುವಿನಲ್ಲೇ ಟ್ರ್ಯಾಪ್ ಹಾಕಿ ಎಕ್ಸಿಟ್ ಆಗುವಾಗ ಅಳಿಸು ಅಂತ ಹೇಳಿಡಿ. ಪೈಥಾನ್‌ನಲ್ಲಿ ವಿತ್ ಅಥವಾ ಫೈನಲಿ. ಕಿಲ್ ಮೈನಸ್ 9 ಬಂದ್ರೆ ಟ್ರ್ಯಾಪ್ ಓಡಲ್ಲ, ಉಳಿದ ಹೊತ್ತಿನಲ್ಲಿ ಕಾಪಾಡುತ್ತೆ.

ಹತ್ತೋ ಮುಂಚೆಯೇ ಕೇಳಿ

ಹಾಗಾದ್ರೆ ಒಳ್ಳೇ ದಾರಿ ಯಾವುದು? ಥಾಣೆ ಪ್ಲಾಟ್‌ಫಾರಂನಲ್ಲಿ ನಿಂತಿದ್ದೀರಿ, ಮುಂಬ್ರಾಕ್ಕೆ ಹೋಗಬೇಕು. ಫಾಸ್ಟ್ ಹತ್ತಿ, ಮುಂಬ್ರಾ ಕಿಟಕಿಯಲ್ಲಿ ಹಾದುಹೋಗುವಾಗ "ಇಳಿಯೋದು ಹೇಗೆ" ಅಂತ ಕೇಳೋದಲ್ಲ. ಹತ್ತೋ ಮುಂಚೆ ಕೇಳಬೇಕು, ಇದು ಸ್ಲೋನಾ ಫಾಸ್ಟಾ ಅಂತ.

ಕೋಡ್‌ನಲ್ಲಿ ಇದಕ್ಕೆ ಗಾರ್ಡ್ ಕ್ಲಾಜ್ ಅಂತಾರೆ. ಕಾವಲು ಸಾಲುಗಳು. ಮೊದಲು, ಬೇಡದ ಸ್ಥಿತಿಗಳನ್ನ ಮೇಲೇ ನೋಡಿ ಕಳಿಸಿಬಿಡಿ. ಫೈಲ್ ಇಲ್ವಾ? ರಿಟರ್ನ್ ಒಂದು. ಓದೋಕೆ ಅನುಮತಿ ಇಲ್ವಾ? ರಿಟರ್ನ್ ಎರಡು. ಡಿಸ್ಕ್ ಮೌಂಟ್ ಆಗಿಲ್ವಾ? ರಿಟರ್ನ್ ಮೂರು. ಇವೆಲ್ಲ ದಾಟಿದ ಮೇಲೆ ಉಳಿದ ಕೆಲಸ ಎಡ ಅಂಚಿಗೆ ಅಂಟಿಕೊಂಡು ನೇರ ಕೆಳಗೆ ಹೋಗುತ್ತೆ. ಇಫ್ ಒಳಗೆ ಇಫ್, ಅದರೊಳಗೆ ಇಫ್ ಅಂತ ಮೆಟ್ಟಿಲು ಇಳಿಯೋದೇ ಬೇಡ. ಎಲ್ಲಿಂದ ಹೊರಗೆ ಬರಲಿ ಅನ್ನೋ ಪ್ರಶ್ನೆಯೇ ಹುಟ್ಟಲ್ಲ.

ಇದು ನಡೀಬೇಕಾದ್ರೆ ಆ ಇಫ್ ಒಂದು ಫಂಕ್ಷನ್ ಒಳಗೆ ಇರಬೇಕು. ಗೈಡೋ ಹೇಳಿದ್ದು ಇದನ್ನೇ. ಹತ್ತು ಸಾಲಿನ ಇಫ್‌ಗೆ ಒಂದು ಹೆಸರಿಟ್ಟು ಫಂಕ್ಷನ್ ಮಾಡಿ. ಬ್ಯಾಷ್‌ನಲ್ಲೂ ಫಂಕ್ಷನ್ ಇದೆ, ನಾವು ಸೋಮಾರಿತನಕ್ಕೆ ಬಳಸಲ್ಲ ಅಷ್ಟೇ. ಹೆಸರು ಬಂದ ತಕ್ಷಣ ಸೀಟು ಸ್ಟೇಷನ್ ಆಗುತ್ತೆ. ಸ್ಟೇಷನ್ನಿಗೆ ಬಾಗಿಲು ಇದೆ, ಆ ಬಾಗಿಲೇ ರಿಟರ್ನ್.

ನಿಮ್ಮ ಆಫೀಸಿನಲ್ಲಿ ಯಾರಾದ್ರೂ ಹಿರಿಯರು ಅನ್ನಬಹುದು, "ಒಂದು ಫಂಕ್ಷನ್‌ಗೆ ಒಂದೇ ರಿಟರ್ನ್ ಇರಬೇಕು" ಅಂತ. ಅವರು ಸುಮ್ಮನೆ ಹೇಳ್ತಿಲ್ಲ. 1968ರಲ್ಲಿ ಡೈಕ್‌ಸ್ಟ್ರಾ ಗೋಟು ವಿರುದ್ಧ ಬರೆದ ಪ್ರಸಿದ್ಧ ಪತ್ರದ ಕಾಲದಿಂದ, ಒಂದು ಬಾಗಿಲಲ್ಲಿ ಒಳಗೆ, ಒಂದು ಬಾಗಿಲಲ್ಲಿ ಹೊರಗೆ ಅನ್ನೋ ಶಿಸ್ತು ಬೆಳೆದುಬಂತು. ಸಿ ಭಾಷೆಯಲ್ಲಿ ಕೈಯಾರೆ ಮೆಮೊರಿ ಬಿಡುಗಡೆ ಮಾಡೋರಿಗೆ ಅದು ಲಗೇಜ್ ಕಾಪಾಡೋ ದಾರಿ. ಆದ್ರೆ 1974ರಲ್ಲೇ ಕನೂತ್, ಮಧ್ಯದಲ್ಲಿ ಹೊರಬರೋದು ಕೆಲವು ಕಡೆ ಕೋಡನ್ನ ಸ್ಪಷ್ಟ ಮಾಡುತ್ತೆ ಅಂತ ಉದಾಹರಣೆ ಸಮೇತ ತೋರಿಸಿದ್ರು. 1999ರಲ್ಲಿ ಮಾರ್ಟಿನ್ ಫೌಲರ್ ಅವರ ರಿಫ್ಯಾಕ್ಟರಿಂಗ್ ಪುಸ್ತಕ ಕಾವಲು ಸಾಲುಗಳನ್ನ ಒಂದು ಹೆಸರಿರೋ ಪದ್ಧತಿ ಮಾಡಿತು. 2015ರಲ್ಲಿ ಸ್ವಿಫ್ಟ್ ಭಾಷೆಗೆ ಗಾರ್ಡ್ ಅನ್ನೋ ಪದವೇ ಬಂತು. ಅದರ ಎಲ್ಸ್ ಒಳಗೆ ನೀವು ಹೊರಗೆ ಹೋಗದಿದ್ರೆ ಕಂಪೈಲರ್ ಬಿಡೋದೇ ಇಲ್ಲ. ಹಿರಿಯರ ಜೊತೆ ಜಗಳ ಬೇಡ. ಟ್ರ್ಯಾಪ್ ಇದೆ, ಲಗೇಜ್ ಸುರಕ್ಷಿತ ಅಂತ ತೋರಿಸಿ, ಒಪ್ಕೋತಾರೆ.

ಎರಡು ಪ್ರಶ್ನೆ

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನ ಇಲ್ಲಿ ಸೇರಿಸ್ತಿದ್ದೀವಿ.

"ಸೆಟ್ ಮೈನಸ್ ಇ ಹಾಕಿದ್ರೆ ಸಾಕಲ್ವಾ?" ನಮ್ಮ ಆ ಸ್ಕ್ರಿಪ್ಟ್‌ನಲ್ಲಿ ಅದು ಇದ್ದಿದ್ರೆ ಉಳಿಸ್ತಿತ್ತು. ಲೂಪ್ ಒಂದು ಅಂತ ಹೇಳಿ ಸತ್ತಾಗ ತಾಯಿಯೂ ನಿಲ್ತಿತ್ತು. ಹಾಕಿ, ಒಳ್ಳೇದು. ಆದ್ರೆ ನಂಬಿ ಕೂರಬೇಡಿ. ಇಫ್‌ನ ಷರತ್ತಿನ ಜಾಗದಲ್ಲಿ ಓಡೋ ಕಮ್ಯಾಂಡ್‌ಗೆ ಅದು ಅನ್ವಯಿಸಲ್ಲ. ಅಲ್ಲಿಂದ ಒಂದು ಫಂಕ್ಷನ್ ಕರೆದ್ರೆ ಆ ಇಡೀ ಫಂಕ್ಷನ್ ಒಳಗೆ ಅದು ಕೆಲಸ ಮಾಡಲ್ಲ.

"ಈಗ ಎಐ ಬರೆದುಕೊಡುತ್ತಲ್ಲ ಸರ್, ಇದೆಲ್ಲ ಯಾಕೆ ಕಲೀಬೇಕು?" ಬರೆಯೋದು ಅದೇ ಇರಲಿ. ರಾತ್ರಿ ಎರಡು ಗಂಟೆಗೆ ಫೋನ್ ಬರೋದು ನಿಮಗೆ. ಆ ಮೂರು ಪ್ರಶ್ನೆ ಕೇಳೋಕೆ ಬರೆದವರು ಯಾರು ಅನ್ನೋದು ಬೇಕಾಗಿಲ್ಲ.

ಸಹಿ ಯಾರದು

ಕೊನೇ ಮಾತು. ಆ ಮೀಟಿಂಗ್‌ನ ಮರುದಿನ ನಾನು ಕಾರ್ನ್, ಬ್ಯಾಷ್ ಎರಡರಲ್ಲೂ ಅದೇ ಲೂಪನ್ನ ಓಡಿಸಿ, ಎರಡು ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ಕಳಿಸಿದೆ. ಅದರ ಕೆಳಗೆ ಬರೆದೆ: ಡಿಸ್ಕ್ ಇಲ್ಲದ ಸ್ಥಿತಿಯನ್ನ ಟೆಸ್ಟ್ ಶೀಟ್‌ನಲ್ಲಿ ಕೇಳೇ ಇರಲಿಲ್ಲ, ಶೀಟ್ ತಯಾರಿಸಿದ್ದು ಮತ್ತು ಒಪ್ಪಿದ್ದು ನಾನು. ಹುಡುಗನ ಮೇಲಿದ್ದ ಮಾತು ನಿಂತಿತು. ಆದ್ರೆ ಒಂದು ದಿನ ತಡವಾಗಿತ್ತು. ಆ ಒಂದು ದಿನ ಅವನು ಊಟ ಮಾಡಲಿಲ್ಲ ಅಂತ ಅವನ ರೂಮ್‌ಮೇಟ್ ಆಮೇಲೆ ಹೇಳಿದ. ಬೇರೆ ಊರು, ಬೇರೆ ಭಾಷೆ, ಎಂಟು ತಿಂಗಳ ಕೆಲಸ, ನಿಜ ಹೇಳಿದ್ರೂ ನಂಬೋರಿಲ್ಲ. ನಮ್ಮಲ್ಲಿ ಬಹಳ ಜನ ಆ ಕುರ್ಚಿಯಲ್ಲಿ ಕೂತವರೇ.

ಈಗ ನನ್ನ ಟೀಮಿನಲ್ಲಿ ಒಂದು ನಿಯಮ ಇದೆ. ಟೆಸ್ಟ್ ಶೀಟ್‌ನ ಮೊದಲ ಸಾಲು "ಸರಿಯಾಗಿ ಓಡಿತಾ" ಅಲ್ಲ, "ನಿಲ್ಲಬೇಕಾದ ಕಡೆ ನಿಂತಿತಾ" ಅಂತ. ಡಿಸ್ಕನ್ನ ಬೇಕಂತಲೇ ತೆಗೀತೀವಿ, ಫೈಲಿನ ಹೆಸರು ಬದಲಾಯಿಸ್ತೀವಿ, ಎಕ್ಸಿಟ್ ಕೋಡ್ ಎಕೋ ಮಾಡಿ ನೋಡ್ತೀವಿ. ಅಳಿಸೋ ಸಾಲಿನ ಜಾಗದಲ್ಲಿ ಮೊದಲು ಬರೀ ಹೆಸರು ಮುದ್ರಿಸೋ ಸಾಲು ಇಡ್ತೀವಿ. ಹತ್ತು ನಿಮಿಷದ ಕೆಲಸ.

ಇವತ್ತು ಮನೆಗೆ ಹೋದ ಮೇಲೆ, ಅಥವಾ ನಾಳೆ ಆಫೀಸಿನಲ್ಲಿ, ನಿಮ್ಮ ಕೈಲಿರೋ ಒಂದು ಸ್ಕ್ರಿಪ್ಟ್ ತೆಗೆದು ಎಕ್ಸಿಟ್ ಅಂತ ಹುಡುಕಿ. ಒಂದೊಂದರ ಹತ್ರ ನಿಂತು ಆ ಮೂರು ಪ್ರಶ್ನೆ ಕೇಳಿ. ಏನಾದ್ರೂ ಸಿಕ್ಕಿದ್ರೆ ಸದ್ದಿಲ್ಲದೆ ಸರಿಮಾಡಿ, ಪಕ್ಕದ ಹೊಸ ಹುಡುಗನಿಗೋ ಹುಡುಗಿಗೋ ಯಾಕೆ ಅಂತ ತೋರಿಸಿ.

ನಿಮ್ಮ ಸ್ಟೇಷನ್ ಬಂದಿರಬಹುದು. ಬ್ಯಾಗ್ ತಗೊಂಡು ಹುಷಾರಾಗಿ ಇಳೀರಿ.